ಒನ್ ಶಾಟ್, ಗೇಟ್, ಆಲ್ಟರ್ನೇಟ್: ಯಾವ ಪ್ಯಾಡಿಗೆ ಯಾವುದು?

ರಸಮಂಜರಿ ವೇದಿಕೆಯಲ್ಲಿ ಕೋಲಿನಿಂದ ಬಾರಿಸುವ ಯಾವ ಪ್ಯಾಡ್ ಕಂಡರೂ ಜನ ಆಕ್ಟೋಪ್ಯಾಡ್ ಅಂತಾರೆ. ರೋಲ್ಯಾಂಡ್ 1985ರಲ್ಲಿ ತಂದ ಆ ಹೆಸರಿನ ಪೆಟ್ಟಿಗೆಗೆ 8 ಪ್ಯಾಡ್ ಇದ್ದವು. ನನ್ನದಕ್ಕೆ 9 ಇವೆ, ಆದರೂ ಅದು ಆಕ್ಟೋಪ್ಯಾಡೇ! ಅದರ ಪಕ್ಕ ಗೆಳೆಯನ 16 ಪ್ಯಾಡಿನ, ಬೆರಳಲ್ಲಿ ಒತ್ತುವ ಸ್ಯಾಂಪ್ಲರ್, ಅಂದರೆ ರೆಕಾರ್ಡ್ ಮಾಡಿದ ಸದ್ದಿನ ತುಣುಕು (ಸ್ಯಾಂಪಲ್) ನುಡಿಸುವ ಪೆಟ್ಟಿಗೆ, ಇಟ್ಟುಕೊಂಡೆ. ಎರಡಕ್ಕೂ ಒಂದೇ ಸ್ಯಾಂಪಲ್‌ಗಳನ್ನು ಹಾಕಿ, ಏಟು ಬಿದ್ದಾಗ ಸದ್ದು ಹೇಗೆ ನುಡಿಯಬೇಕು ಅನ್ನೋ ಸೆಟ್ಟಿಂಗ್ ಬದಲಿಸುತ್ತಾ ಒಂದು ವಾರ ಬಾರಿಸಿ ನೋಡಿದೆ.

ಒನ್ ಶಾಟ್‌ನಲ್ಲಿ ಒಂದು ಏಟು ಕೊಟ್ಟರೆ ಸ್ಯಾಂಪಲ್ ಕೊನೆಯವರೆಗೂ ನುಡಿಯುತ್ತದೆ. ಗೇಟ್‌ನಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ. ತಮಟೆಗೆ ಗೇಟ್ ಹಾಕಿ ಕೋಲಿನಿಂದ ಹೊಡೆದೆ. ಕೋಲು ತಾಗಿದ ಕೂಡಲೇ ಎಗರಿಬಿಡುತ್ತದಲ್ವಾ, 'ಟಕ್' ಅನ್ನೋ ಚೂರು ಮಾತ್ರ ಕೇಳಿಸಿತು. ಅದೇ ಗೇಟ್ ಅನ್ನು ಬೆರಳಿನ ಪ್ಯಾಡಿನಲ್ಲಿ ತಂಬೂರಿ ಶ್ರುತಿಗೆ ಹಾಕಿದರೆ ಬಹಳ ಚೆನ್ನ. ಬೆರಳು ಎತ್ತಿದರೆ ಶ್ರುತಿ ನಿಲ್ಲುತ್ತದೆ.

ಆಲ್ಟರ್ನೇಟ್ ಅಂದರೆ ಮೊದಲ ಏಟಿಗೆ ಶುರು, ಎರಡನೆಯದಕ್ಕೆ ಬಂದ್. ಮತ್ತೆ ಮತ್ತೆ ತಿರುಗಿ ನುಡಿಯುವ ಲೂಪ್‌ಗೆ ಇದೇ ಸರಿ ಅಂದುಕೊಂಡಿದ್ದೆ. ಗಣೇಶನ ಪೆಂಡಾಲಿನಲ್ಲಿ ಹಾಡು ಶುರುವಾಗುವಾಗ ಜೋಶ್‌ನಲ್ಲಿ ಹೊಡೆದೆ, ಕೋಲು ಪುಟಿಯಿತು. ಪೆಟ್ಟಿಗೆ ಎರಡು ಏಟು ಅಂತ ಎಣಿಸಿತು. ಲೂಪ್ ಹುಟ್ಟಿದಲ್ಲೇ ಸತ್ತಿತು. ಹಾಡುವವರು ತಿರುಗಿ ನನ್ನ ಮುಖ ನೋಡಿದರು! ಆಮೇಲೆ ಆ ಪ್ಯಾಡಿನ ಸೆನ್ಸಿಟಿವಿಟಿ ತಗ್ಗಿಸಿದೆ. ಅದಕ್ಕೂ ಸಮಾಧಾನವಾಗದೆ ಲೂಪನ್ನು ಕಾಲಿನ ಸ್ವಿಚ್ಚಿಗೇ ಕೊಟ್ಟೆ.

ಡೊಳ್ಳಿಗೆ ಮೋನೋ (ಪ್ಯಾಡಿಗೆ ಒಮ್ಮೆಗೆ ಒಂದೇ ಸದ್ದು) ಬೇಕೋ ಪಾಲಿ (ಹಲವು ಸದ್ದು ಒಟ್ಟಿಗೆ) ಬೇಕೋ? ನನ್ನ ಡೊಳ್ಳಿನ ಸ್ಯಾಂಪಲ್ 2 ಸೆಕೆಂಡ್ ಗುಂಯ್ಗುಡುತ್ತದೆ. 120 ಟೆಂಪೋದಲ್ಲಿ (ನಿಮಿಷಕ್ಕೆ 120 ಬೀಟ್) ಒಂದು ಬೀಟಿಗೆ ನಾಲ್ಕು ಏಟು ಹಾಕಿದರೆ, ಪಾಲಿಯಲ್ಲಿ 16 ಡೊಳ್ಳು ಒಂದರ ಮೇಲೊಂದು ಕೂತಿರುತ್ತವೆ. ಸ್ಪೀಕರಿನಲ್ಲಿ ಬರೀ ಕೆಸರು. ಮೋನೋದಲ್ಲಿ ಹೊಸ ಏಟು ಹಳೆಯದನ್ನು ಕತ್ತರಿಸುತ್ತದೆ, ಉರುಳಿಕೆ ಬಿಡಿಬಿಡಿಯಾಗಿ ಕೇಳುತ್ತದೆ. ನಿಧಾನದ ಹಾಡಿಗೆ ಮಾತ್ರ ಪಾಲಿ, ಅಲ್ಲಿ ಗುಂಗು ಬೇಕು.

ಹೆಚ್ಚು ತಲೆ ಕೆಡಿಸಿಕೊಂಡದ್ದು ತಬಲಾಗೆ. ಡಗ್ಗಾದ (ಎಡಗೈಯದು) 'ಗೆ' ತೆರೆದ ನಾದ, 'ಕೆ' ಮುಚ್ಚಿದ್ದು. ಕೈ ಚಪ್ಪಟೆಯಾಗಿ ಬಿದ್ದರೆ ಮೊದಲಿನ 'ಗೆ' ಸಾಯಬೇಕು. ಮೋನೋ ಹಾಕಿದೆ, ಸಾಯಲಿಲ್ಲ. ಮೋನೋ ತನ್ನ ಪ್ಯಾಡಿನ ಸದ್ದನ್ನಷ್ಟೇ ಕಡಿಯುತ್ತದೆ, ಪಕ್ಕದ್ದಕ್ಕೆ ಮ್ಯೂಟ್ ಗ್ರೂಪ್ ಬೇಕು, ಅದರಲ್ಲಿ ಒಂದು ಪ್ಯಾಡ್ ನುಡಿದರೆ ಗ್ರೂಪಿನ ಉಳಿದವು ನಿಲ್ಲುತ್ತವೆ. ಎರಡನ್ನೂ ಒಂದೇ ಗ್ರೂಪಿಗೆ ಸೇರಿಸಿದ ಮೇಲೆ ನಿಜವಾದ ಕೈಯ ಹಾಗೆ ಕೇಳಿಸಿತು. ಅದೇ ಹುಮ್ಮಸ್ಸಿನಲ್ಲಿ 'ಧಾ' ಕೂಡ ಸೇರಿಸಿದೆ, ಕೆಟ್ಟೆ. 'ಧಾ'ದಲ್ಲಿ ಎರಡೂ ಕೈ ಇರುತ್ತದೆ. 'ಕೆ' ಬಿದ್ದಾಗ ಬಲಗೈಯ 'ನಾ' ನಾದವೂ ಜೊತೆಗೇ ಹೋಯಿತು. ಈಗ 'ಧಾ' ಸ್ಯಾಂಪಲ್ಲೇ ಇಲ್ಲ. 'ನಾ', 'ಗೆ' ಎರಡೂ ಪ್ಯಾಡನ್ನು ಒಟ್ಟಿಗೆ ಹೊಡೆಯುತ್ತೇನೆ. ಡ್ರಮ್ ಸೆಟ್ಟಿನ ಜೋಡಿ ತಾಳವಾದ ಹೈಹ್ಯಾಟಿನ ತೆರೆದ, ಮುಚ್ಚಿದ ಸದ್ದಿಗೂ ಇದೇ ಉಪಾಯ.

ಡೈನಮಿಕ್ಸ್ (ಏಟಿನ ಬಲಕ್ಕೆ ತಕ್ಕ ಸದ್ದು) ವಿಷಯದಲ್ಲಿ ಗೊಂದಲವಿಲ್ಲ: ವಾದ್ಯಗಳಿಗೆ ಆನ್, ಲೂಪ್‌ಗೆ ಆಫ್. ಇಲ್ಲದಿದ್ದರೆ ಮೆಲ್ಲಗೆ ಹೊಡೆದ ದಿನ ಲೂಪ್ ಇಡೀ ಹಾಡು ಪಿಸುಗುಟ್ಟುತ್ತದೆ.

ಗೆಳೆಯ ಅವನ ಸ್ಯಾಂಪ್ಲರ್ ವಾಪಸ್ ಕೇಳಿದ್ದಾನೆ. ಬೆರಳಿನ ಪ್ಯಾಡ್ ಇಲ್ಲದೆ ತಂಬೂರಿಯನ್ನು ಇನ್ನು ನನ್ನ ಪೆಟ್ಟಿಗೆಯಲ್ಲಿ ಆಲ್ಟರ್ನೇಟ್‌ಗೇ ಹಾಕಬೇಕು, ಅದೂ ಕೋಲು ಸುಮ್ನೆ ತಾಗದ ಮೂಲೆಯ ಪ್ಯಾಡಿಗೆ.