ಹಾಲ್‌ಗೆ 5.1 ಸ್ಪೀಕರ್ ವೈರಿಂಗ್ ಮಾಡಿಸಿದ್ದು: ಕೆಲ್ಸಕ್ಕೆ ನಾಲ್ಕು ಸ್ಟಾರ್, ಮೊದಲು ತಂದ ವೈರ್‌ಗೆ ಒಂದೇ

ಮೈಸೂರಲ್ಲಿ ಮನೆ ಕಟ್ಟಿಸ್ತಾ ಇದ್ದಾಗ ಹಾಲ್‌ಗೆ 5.1 ಹೋಮ್ ಥಿಯೇಟರ್ (ಮುಂದೆ ಮೂರು, ಹಿಂದೆ ಎರಡು ಸ್ಪೀಕರು, ಜೊತೆಗೆ ದಪ್ಪ ಸದ್ದಿಗೆ ಅಂತ ಒಂದು ಸಬ್‌ವೂಫರ್) ವೈರಿಂಗು ಗೋಡೆ ಒಳಗೇ ಹೋಗ್ಬೇಕು ಅಂತ ಒಂದು ಅಂಗಡಿಯವರಿಗೆ ಕೆಲ್ಸ ಕೊಟ್ಟೆ, ಅದರ ರಿವ್ಯೂ ಇದು. ಅಂಗಡಿ ಹೆಸ್ರು ಹಾಕಲ್ಲ. ಮಧ್ಯ ಒಂದು ದೊಡ್ಡ ಜಗಳ ಆಗಿ ಆಮೇಲೆ ಅವ್ರೇ ಸರಿ ಮಾಡಿಕೊಟ್ರು, ಈಗ ಹೆಸ್ರು ಹಾಕಿ ಅವ್ರ ಹೊಟ್ಟೆ ಮೇಲೆ ಹೊಡಿಯೋದು ಯಾಕೆ.

ಮೊದ್ಲು ಬಾಡಿಗೆ ಮನೇಲಿ ಇದ್ದಾಗ ಹಿಂದಿನ ಎರಡು ಸ್ಪೀಕರಿಗೆ ವೈರನ್ನ ಗೋಡೆ ಬುಡದಲ್ಲಿ ಟೇಪ್ ಹಾಕಿ ಅಂಟಿಸಿದ್ದೆ, ಕೆಲಸದವರು ಕಸ ಗುಡಿಸುವಾಗ ವಾರಕ್ಕೆ ಒಂದ್ಸಲ ಪೊರಕೆಗೆ ಸಿಕ್ಕಿ ಕಿತ್ಕೊಂಡು ಬರೋದು, ಹೆಂಡ್ತಿ ಅಂತೂ ಇದೇನು ಕರೆಂಟ್ ಆಫೀಸಾ ಅಂತ ಕೇಳೋಳು. ಸ್ವಂತ ಮನೇಲಿ ಅದು ನಡೆಯಲ್ಲ ಅಂತ ಅಗ್ರಿಮೆಂಟ್ ಆಗಿತ್ತು. ವೈರ್‌ಲೆಸ್ ತಗೋಬೋದಿತ್ತಲ್ಲ ಅಂತ ನೀವು ಕೇಳ್ತೀರ, ನಾನೂ ಯೋಚ್ನೆ ಮಾಡ್ದೆ, ಆದ್ರೆ ಹಿಂದಿನ ವೈರ್‌ಲೆಸ್ ಸ್ಪೀಕರಿಗೂ ಹೆಚ್ಚಾಗಿ ಕರೆಂಟ್ ಪ್ಲಗ್ ಬೇಕು, ಅಂದ್ಮೇಲೆ ಅಲ್ಲಿವರೆಗೂ ಒಂದು ವೈರ್ ಹೋಗ್ಲೇಬೇಕು, ಅದು ಸ್ಪೀಕರ್ ವೈರೇ ಆಗ್ಲಿ ಬಿಡು ಅಂದ್ಕೊಂಡೆ.

ಇಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಕೆಲ್ಸ ಅಂದ್ರೆ ಪ್ಲಾಸ್ಟರಿಂಗಿಗೆ ಮುಂಚೆನೇ ಅವ್ರನ್ನ ಕರೆಸಿದ್ದು. ನಮ್ ಮನೆ ಎಲೆಕ್ಟ್ರಿಷಿಯನ್ ಒಳ್ಳೆ ಮನುಷ್ಯ, ಕೈಕೆಲ್ಸ ಚೆನ್ನಾಗಿದೆ, ಆದ್ರೆ ಸ್ಪೀಕರ್ ಅಂದ ತಕ್ಷಣ "ಸಾರ್ ಎರಡು ವೈರ್ ತಾನೆ, ಫ್ಯಾನ್ ಪೈಪಲ್ಲೇ ಎಳೆದ್ಬಿಡ್ತೀನಿ, ಸುಮ್ನೆ ಗೋಡೆ ಕಟಿಂಗ್ ಯಾಕೆ" ಅಂದ್ರು. 230 ವೋಲ್ಟ್ ಇರೋ ಪೈಪಲ್ಲಿ ಸ್ಪೀಕರ್ ವೈರ್ ಹಾಕೋದು ಸೇಫ್ಟಿಗೂ ತಪ್ಪು, ಸಬ್‌ವೂಫರ್ ಕೇಬಲ್ ಏನಾದ್ರೂ ಅದ್ರ ಪಕ್ಕದಲ್ಲೇ ಉದ್ದಕ್ಕೆ ಹೋದ್ರೆ ಗುಂಯ್ ಅಂತ ಸದ್ದು ಬರೋ ಚಾನ್ಸ್ ಜಾಸ್ತಿ. ಅಂಗಡಿಯಿಂದ ಬಂದ ಹುಡುಗ ಇದನ್ನ ಎಲೆಕ್ಟ್ರಿಷಿಯನ್‌ಗೆ ಬೇಜಾರಾಗದ ಹಾಗೆ ಹೇಳಿದ ರೀತಿ ನಂಗೆ ಇಷ್ಟ ಆಯ್ತು. "ಅಣ್ಣ ನಿಮ್ ಪೈಪ್ ನಿಮ್ಗೆ, ನಮ್ದು ಒಂದಡಿ ದೂರದಲ್ಲಿ ಹೋಗ್ಲಿ, ಎಲ್ಲಾದ್ರೂ ದಾಟ್ಬೇಕು ಅಂದ್ರೆ ಅಡ್ಡಡ್ಡ ದಾಟೋಣ" ಅಂದ. ಹಿಂದಿನ ಗೋಡೆಗೆ ಹೋಗೋ ಪೈಪನ್ನ ಟೈಲ್ಸ್ ಹಾಕೋಕೆ ಮುಂಚೆ ನೆಲದ ಮೇಲೇ ಹಾಸಿದ್ರು, ಹಂಗಾಗಿ ಗೋಡೆ ಕಟಿಂಗೂ ಕಮ್ಮಿ ಆಯ್ತು. 25 ಎಂಎಂ ಪೈಪು, ಮೂಲೆಗೆ ಗಕ್ಕನೆ ತಿರುಗೋ ಎಲ್ಬೋ ಇಲ್ಲ, ನಿಧಾನಕ್ಕೆ ತಿರುಗೋ ಉದ್ದನೆ ಬೆಂಡೇ. ಈ ಬೆಂಡಿನ ಬೆಲೆ ನಂಗೆ ಗೊತ್ತಾಗಿದ್ದು ಎರಡು ತಿಂಗಳಾದ್ಮೇಲೆ, ಅದಕ್ಕೆ ಬರ್ತೀನಿ.

ಇನ್ನೊಂದು ಒಳ್ಳೆ ಸಲಹೆ, ಟಿವಿ ಹಿಂದೆಯಿಂದ ಕೆಳಗಿನ ಯೂನಿಟ್‌ವರೆಗೂ ಎರಡು ಇಂಚಿನ ಪಿವಿಸಿ ಪೈಪ್ ಹಾಕ್ಸಿ ಅಂದಿದ್ದು. ನಾನು ಇದೇನು ನಲ್ಲಿ ಪೈಪಾ ಅಂದೆ. ಎಚ್‌ಡಿಎಂಐ ಕೇಬಲ್ ತಲೆ ಕರೆಂಟ್ ಪೈಪಿನ ಬೆಂಡಲ್ಲಿ ತೂರಲ್ಲ ಸಾರ್ ಅಂದ, ಹೌದಲ್ವ.

ಸ್ಪೀಕರ್ ಎಲ್ಲಿ ಬರ್ಬೇಕು ಅನ್ನೋದ್ರಲ್ಲಿ ಸ್ವಲ್ಪ ಎಳೆದಾಟ ಆಯ್ತು. ಪ್ಲಾನಲ್ಲಿ ಆರ್ಕಿಟೆಕ್ಟು ಹಿಂದಿನ ಎರಡು ಪಾಯಿಂಟನ್ನ ಎಂಟಡಿ ಎತ್ತರದಲ್ಲಿ, ಹಿಂದಿನ ಎರಡು ಮೂಲೇಲಿ ತೋರ್ಸಿದ್ರು, ಟಾಕೀಸಲ್ಲಿ ಇರುತ್ತಲ್ಲ ಹಂಗೆ. ಟಾಕೀಸಿನ ಲೆಕ್ಕ ಬೇರೆ, ನೂರಾರು ಜನಕ್ಕೆ ಕೇಳಿಸ್ಬೇಕು. ಮನೇಲಿ ಸೋಫಾ ಮೇಲೆ ಕೂತ್ರೆ ಕಿವಿ ಇರೋದು ಮೂರೂವರೆ ಅಡಿ ಎತ್ತರದಲ್ಲಿ, ಸರೌಂಡ್ ಸ್ಪೀಕರು, ಅಂದ್ರೆ ಈ ಹಿಂದಿನ ಎರಡು, ಕಿವಿ ಮಟ್ಟಕ್ಕೋ ಅದಕ್ಕಿಂತ ಸ್ವಲ್ಪ ಮೇಲಕ್ಕೋ ಇದ್ರೆ ಸಾಕು. ಆಮೇಲೆ 5.1 ಅಂದ್ರೆ ಅವು ಹಿಂದಿನ ಸ್ಪೀಕರ್ ಅಂತ ಎಲ್ರೂ ಅಂತೀವಿ, ಆದ್ರೆ ಬೆನ್ನ ಹಿಂದೆ ಅಲ್ಲ, ಪಕ್ಕದಿಂದ ಸ್ವಲ್ಪ ಹಿಂದಕ್ಕೆ ಬರ್ಬೇಕು. ಟಿವಿ ನೇರಕ್ಕೆ ಸೊನ್ನೆ ಅಂತ ಇಟ್ರೆ ಡಾಲ್ಬಿಯವರು ಹೇಳೋದು 110 ರಿಂದ 120 ಡಿಗ್ರಿ. ಹುಡುಗ ಸೋಫಾ ಬರೋ ಜಾಗದಲ್ಲಿ ಒಂದು ಸಿಮೆಂಟ್ ಮೂಟೆ ಮೇಲೆ ನನ್ನನ್ನ ಕೂರಿಸಿ ದಾರ ಹಿಡಿದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕ್ದ, ನಾಲ್ಕೂವರೆ ಅಡಿಗೆ. ಮೇಸ್ತ್ರಿ ನಿಂತ್ಕೊಂಡು ನೋಡ್ತಾ ಇದ್ರು, ವಾಸ್ತುನಾ ಸಾರ್ ಅಂದ್ರು.

ಈಗ ಜಗಳದ ವಿಷ್ಯ. ಕೊಟೇಶನಲ್ಲಿ ಬರ್ದಿದ್ದು ಪ್ಯೂರ್ ಕಾಪರ್, ಮುಂದಿನ ಮೂರಕ್ಕೆ 16 ಗೇಜು, ಹಿಂದಿನ ಎರಡಕ್ಕೆ 14 ಗೇಜು (ಗೇಜ್ ನಂಬರ್ ಕಮ್ಮಿ ಆದಷ್ಟೂ ವೈರ್ ದಪ್ಪ). ಇದು ಸರಿಯಾದ ಲೆಕ್ಕನೇ. ನೆಲದ ಪೈಪಲ್ಲಿ ಸುತ್ತಿ ಹೋಗೋದ್ರಿಂದ ಹಿಂದಕ್ಕೆ ಸುಮಾರು 15 ಮೀಟರ್ ಆಗುತ್ತೆ, ಕರೆಂಟು ಹೋಗಿ ವಾಪಸ್ ಬರ್ಬೇಕಲ್ಲ, ಅಂದ್ರೆ 30 ಮೀಟರ್ ತಾಮ್ರ. 16 ಗೇಜಲ್ಲಿ ಹೆಚ್ಚುಕಮ್ಮಿ 0.4 ಓಮ್ ರೆಸಿಸ್ಟೆನ್ಸು (ಕರೆಂಟಿಗೆ ತಡೆ) ಬರುತ್ತೆ, 8 ಓಮ್ ಸ್ಪೀಕರಿಗೆ ಅದು 5 ಪರ್ಸೆಂಟು, ಅದಕ್ಕಿಂತ ಮೇಲೆ ಹೋಗ್ಬಾರ್ದು ಅಂತಾರೆ. ನನ್ನ ಸ್ಪೀಕರ್ 6 ಓಮ್, ಅದಕ್ಕೆ 14 ಗೇಜು. ಎಲ್ಲ ಸರಿ. ಆದ್ರೆ ಪೇಂಟಿಂಗ್ ಟೈಮಲ್ಲಿ ವೈರ್ ಎಳೆದು ಹೋದ್ಮೇಲೆ ಸಂಜೆ ಮಿಕ್ಕ ತುಂಡನ್ನ ಕೈಲಿ ಹಿಡಿದ್ರೆ ಹಗೂರ ಅನ್ನಿಸ್ತು. ಬ್ಲೇಡಲ್ಲಿ ಒಂದು ಎಳೆ ಕೆರೆದೆ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಮ್ಮಿಗೆ ಮೇಲೆ ತಾಮ್ರದ ಲೇಪ. ಇದೂ ವೈರೇ, ಹಾಡೂ ಬರುತ್ತೆ, ಆದ್ರೆ ಅದೇ ಗೇಜಲ್ಲಿ ರೆಸಿಸ್ಟೆನ್ಸು ತಾಮ್ರದ ಒಂದೂವರೆ ಪಟ್ಟು, 14 ಗೇಜಿನ ದುಡ್ಡು ಕೊಟ್ಟು 16 ಗೇಜ್ ಹಾಕಿಸ್ಕೊಂಡ ಹಾಗೆ. ಬಗ್ಗಿಸಿ ಬಗ್ಗಿಸಿ ಮುರಿಯೋದೂ ಬೇಗ.

ಫೋನ್ ಮಾಡಿದ್ರೆ ಓನರ್ರು "ಸಾರ್ ಎಲ್ರೂ ಇದೇ ಹಾಕೋದು, ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದ್ರು. ಎಲ್ರೂ ಕೆರೆದು ನೋಡಲ್ಲ ಸ್ವಾಮಿ ಅಂದೆ. ಎರಡು ದಿನ ಫೋನೇ ಎತ್ತಲಿಲ್ಲ. ಮೂರನೇ ದಿನ ಆ ತುಂಡು, ಬ್ಲೇಡು, ಕೊಟೇಶನ್ ಮೂರೂ ತಗೊಂಡು ಅಂಗಡೀಲಿ ಗಿರಾಕಿಗಳು ಇರೋ ಹೊತ್ತಿಗೆ ಹೋಗಿ ನಿಂತೆ, ಆಗ ಟೀ ತರಿಸಿದ್ರು. ಬ್ಯಾಲೆನ್ಸ್ ಪೇಮೆಂಟ್ ನನ್ ಕೈಲೇ ಇತ್ತು, ಅದೂ ಕೆಲ್ಸ ಮಾಡ್ತು ಅನ್ನಿ. ನಾಲ್ಕು ದಿನ ಬಿಟ್ಟು ಅಸಲಿ ತಾಮ್ರದ್ದು ಬಂತು, ಹಳೆ ವೈರಿನ ಬಾಲಕ್ಕೆ ಹೊಸಾದನ್ನ ಗಂಟು ಹಾಕಿ ಟೇಪ್ ಸುತ್ತಿ ಒಬ್ಬ ಇಲ್ಲಿಂದ ತಳ್ಳೋದು ಇನ್ನೊಬ್ಬ ಅಲ್ಲಿಂದ ಎಳೆಯೋದು, ಐದೂ ಲೈನು ಮಧ್ಯಾಹ್ನ ಊಟದೊಳಗೆ ಮುಗೀತು, ಒಂದು ಟೈಲ್ಸೂ ಒಡೀಲಿಲ್ಲ. ಎಲ್ಬೋ ಹಾಕಿದ್ರೆ ಅವತ್ತು ನಾನು ಅಲ್ಯೂಮಿನಿಯಮ್ಮಲ್ಲೇ ಸಂಸಾರ ಮಾಡ್ಬೇಕಿತ್ತು.

ಫಿಟಿಂಗ್ ನೀಟಾಗಿದೆ. ಪ್ರತಿ ವೈರಿಗೂ ಎರಡೂ ತುದೀಲಿ ಹೆಸ್ರು ಬರೆದ ಸ್ಲೀವು, ಬಾಕ್ಸಲ್ಲಿ ಒಂದಡಿ ಮಿಗಿಸಿ ಸುತ್ತಿಟ್ಟಿದಾರೆ, ಮೇಲೆ ಬನಾನಾ ಪ್ಲಗ್ ಹಾಕೋ ಪ್ಲೇಟು. ಪ್ಲಸ್ ಮೈನಸ್ ಚೆಕ್ ಮಾಡಿದ್ದು ಗಡಿಯಾರಕ್ಕೆ ಹಾಕೋ ಒಂದೂವರೆ ವೋಲ್ಟ್ ಸೆಲ್ಲಲ್ಲಿ: ಆಂಪ್ಲಿಫೈಯರ್ ಕಡೆ ತುದಿಗೆ ಒಂದು ಕ್ಷಣ ಮುಟ್ಟಿಸೋದು, ಪ್ಲಸ್ಸಿಗೆ ಪ್ಲಸ್ ಇದ್ರೆ ಸ್ಪೀಕರ್ ಕೋನು ಹೊರಗೆ ತಳ್ಳುತ್ತೆ, ಒಳಗೆ ಹೋದ್ರೆ ಉಲ್ಟಾ. ನಮ್ಮ ಸೆಂಟರ್ ಸ್ಪೀಕರ್ ಉಲ್ಟಾನೇ ಇತ್ತು. ಉಲ್ಟಾ ಇದ್ರೂ ಸೌಂಡ್ ಬರುತ್ತೆ, ಸುಡಲ್ಲ, ಆದ್ರೆ ಬೇಸ್ ತೆಳ್ಳಗಾಗುತ್ತೆ, ಜನ ಸ್ಪೀಕರಿಗೇ ಬೈಕೊಂಡು ವರ್ಷಗಟ್ಲೆ ಕೇಳ್ತಿರ್ತಾರೆ. ನಮ್ಮಪ್ಪ ಈ ಸೆಲ್ ಪರೀಕ್ಷೆನ ಎರಡು ಸಲ ಮಾಡಿಸಿ ನೋಡಿದ್ರು.

ಗೃಹಪ್ರವೇಶ ಆಗಿ ಒಂದು ವಾರಕ್ಕೆ ಸಬ್‌ವೂಫರಲ್ಲಿ ಗುಂಯ್ ಶುರು. ನಾನು ಮತ್ತೆ ವೈರ್ ಕಂಪ್ಲೇಂಟ್ ಅಂತ ರೆಡಿಯಾಗಿದ್ದೆ, ಹುಡುಗ ಬಂದವನೇ ಸಬ್ ಹತ್ರ ಹೋಗ್ಲೇ ಇಲ್ಲ, ನೇರ ಸೆಟ್‌ಟಾಪ್ ಬಾಕ್ಸಿಗೆ ಹೋಗಿ ಕೇಬಲ್ ಟಿವಿ ವೈರ್ ಬಿಚ್ಚಿದ, ಸದ್ದು ಗಪ್‌ಚುಪ್. ಅದು ಬೇರೆ ಕಡೆಯಿಂದ ಅರ್ತಿಂಗ್ ಎಳ್ಕೊಂಡು ಬರ್ತಿತ್ತಂತೆ. ಮಧ್ಯ ಆ ಅರ್ತಿಂಗ್ ತಡೆಯೋ ಒಂದು ಸಣ್ಣ ಐಸೊಲೇಟರ್ ಹಾಕ್ದ, ವಿಸಿಟ್ ಚಾರ್ಜು ತಗೊಳ್ಲಿಲ್ಲ. ಈ ಹುಡುಗನಿಗೆ ಮಾತ್ರ ಐದಕ್ಕೆ ಐದು.

ಬೇಜಾರಿರೋದು ಒಂದು, ಮೇಲೆ ಸೀಲಿಂಗಿಗೆ ಎರಡು ಪಾಯಿಂಟ್ ಬಿಡಿ, ಮುಂದೆ ಅಟ್ಮಾಸ್ (ತಲೆ ಮೇಲಿಂದಲೂ ಸೌಂಡ್ ಬರೋದು) ಹಾಕಿಸ್ಬೋದು ಅಂತ ಯಾರೂ ಹೇಳ್ಲಿಲ್ಲ. ಮೋಲ್ಡ್ ಹಾಕೋ ಟೈಮಲ್ಲೇ ಪೈಪ್ ಬಿಟ್ಟಿದ್ರೆ ಚಿಲ್ಲರೆ ಖರ್ಚಲ್ಲಿ ಆಗೋದು, ಈಗ ಪಿಒಪಿ ಬಿಚ್ಚಿಸ್ಬೇಕು. ಅವ್ರನ್ನ ಕರೆಸಿದ್ದೇ ಮೋಲ್ಡ್ ಆದ್ಮೇಲೆ, ಹಂಗಾಗಿ ಪೂರ್ತಿ ಅವ್ರ ತಪ್ಪು ಅನ್ನೋಕಾಗಲ್ಲ, ಆದ್ರೂ ಪಿಒಪಿಗೆ ಮುಂಚೆ ಒಂದು ಮಾತು ಹೇಳ್ಬೋದಿತ್ತು.

ಇನ್ನು ಟಿವಿ ಪಕ್ಕದ ಪ್ಲೇಟಿಗೆ ಒಂದು ಸ್ಕ್ರೂ ಬಾಕಿ ಇದೆ, ಸೈಜ್ ಇಲ್ಲ ನಾಳೆ ತರ್ತೀನಿ ಸಾರ್ ಅಂದಿದ್ದು ಯುಗಾದಿಗೆ ಮುಂಚೆ, ಮೊನ್ನೆ ಗಣೇಶನ್ನ ಬಿಟ್ಟಿದ್ದೂ ಆಯ್ತು.