ನಂಬಿಕೆ ನಕ್ಷೆ: ಸ್ವಾಗತಾರ್ಹ ಸೇವೆ, ಇನ್ನೂ ತಿದ್ದುವುದಿದೆ

ಬೆಂಗಳೂರಿನಲ್ಲಿ ಮನೆ ಕಟ್ಟುವವರು ನಕ್ಷೆ ಮಂಜೂರಾತಿಗಾಗಿ ಕಚೇರಿಗಳಿಗೆ ಅಲೆಯುವುದನ್ನು ತಪ್ಪಿಸಲು ಬಿಬಿಎಂಪಿ 2024ರಲ್ಲಿ ಆರಂಭಿಸಿದ ‘ನಂಬಿಕೆ ನಕ್ಷೆ’ಯನ್ನು ನಮ್ಮ 30x40 ಅಡಿ ನಿವೇಶನಕ್ಕಾಗಿ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. 50x80 ಅಡಿವರೆಗಿನ ನಿವೇಶನದಲ್ಲಿ ನಾಲ್ಕು ಮನೆಗಳವರೆಗಿನ ವಸತಿ ಕಟ್ಟಡಕ್ಕೆ, ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಿದರೆ ಮೊದಲು ತಾತ್ಕಾಲಿಕ ನಕ್ಷೆ ದೊರೆಯುತ್ತದೆ. ದಾಖಲೆಗಳ ಪರಿಶೀಲನೆ ಆನಂತರ ನಡೆಯುತ್ತದೆ. ಅರ್ಜಿದಾರನನ್ನು ಮೊದಲು ನಂಬುವ ಈ ಕ್ರಮವೇ ಸೇವೆಯ ನಿಜವಾದ ಬಲವೆಂದು ನನಗೆ ಅನಿಸುತ್ತದೆ.

ಆದರೆ ಆ ನಂಬಿಕೆಯ ಭಾರ ಬೀಳುವುದು ನಕ್ಷೆ ಸಿದ್ಧಪಡಿಸುವವರ ಮೇಲೆ. ನಾವು ಮೊದಲು ನೇಮಿಸಿಕೊಂಡಿದ್ದ ಎಂಜಿನಿಯರ್ ಸ್ಥಳವನ್ನು ಅಳೆಯದೆ ಕ್ರಯಪತ್ರದ ಅಳತೆಯನ್ನೇ ನಕ್ಷೆಗೆ ಇಳಿಸಿದ್ದರು. ನಿವೇಶನದ ಒಂದು ಬದಿ ವಾಸ್ತವದಲ್ಲಿ ಅರ್ಧ ಅಡಿ ಕಿರಿದಾಗಿದ್ದುದರಿಂದ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ (ಸೆಟ್‌ಬ್ಯಾಕ್) ಕಡಿಮೆಯಾಗಿ, ಅಡಿಪಾಯ ತೋಡುವ ಮುನ್ನವೇ ಇಡೀ ನಕ್ಷೆಯನ್ನು ಮತ್ತೆ ಬರೆಸಬೇಕಾಯಿತು. ಕಟ್ಟಡ ಮೇಲೆದ್ದ ಬಳಿಕ ಇದು ತಿಳಿದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಆತಂಕವಾಗುತ್ತದೆ.

ಹೀಗಾಗಿ ಸ್ಥಳದಲ್ಲಿ ಅಳೆದ ವಿವರ ಮತ್ತು ಛಾಯಾಚಿತ್ರಗಳಿಲ್ಲದೆ ಅರ್ಜಿ ಮುಂದೆ ಸಾಗದಂತೆ ಮಾಡಬೇಕು. ಸೆಟ್‌ಬ್ಯಾಕ್, ನೆಲವಿಸ್ತೀರ್ಣ ಅನುಪಾತ (ನಿವೇಶನದ ವಿಸ್ತೀರ್ಣಕ್ಕೆ ಹೋಲಿಸಿದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ) ಮುಂತಾದ ಲೆಕ್ಕಗಳನ್ನು ಮಾಲೀಕರೇ ಓದಿ ಒಪ್ಪಿಗೆ ನೀಡುವಂತೆ ಸರಳ ಕನ್ನಡದ ಒಂದು ಪುಟವನ್ನೂ ಅರ್ಜಿಗೆ ಸೇರಿಸಬೇಕು. ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಸಿದ್ಧವಿಲ್ಲದವರು ಮೊದಲು ಅದನ್ನು ಪಡೆದುಕೊಳ್ಳುವುದು ಒಳ್ಳೆಯದು. ಐದರಲ್ಲಿ ನಾಲ್ಕು ಅಂಕಗಳನ್ನು ನಾನು ಮನಃಪೂರ್ವಕವಾಗಿ ಕೊಡುತ್ತೇನೆ.