ಒಡೆಯದೆ ಬಂದ ತತ್ತಿಯೂ ಮರಿಯಾಗದೆ ಹೋದ ತತ್ತಿಯೂ: ಹುಬ್ಬಳ್ಳಿಯ ಒಂದು ಸಾಗಣೆ ಸೇವೆಯ ವಿಮರ್ಶೆ

ಧಾರವಾಡ ತಾಲೂಕಿನ ನಮ್ಮ ಹೊಲದಲ್ಲಿ ಕಡಕ್‌ನಾಥ್ ಕೋಳಿಗಳ ಒಂದು ತಳಿ ಹಿಂಡನ್ನು ಕಟ್ಟಬೇಕೆಂದು ನಿಶ್ಚಯಿಸಿದ ಮೇಲೆ, ಕಾವಿಗಿಡುವ ತತ್ತಿಗಳನ್ನು ಮಧ್ಯಪ್ರದೇಶದಿಂದ ತರಿಸಿಕೊಡುವ ಹುಬ್ಬಳ್ಳಿಯ ಒಂದು ಸೇವೆಯನ್ನು ಎರಡು ಸಲ ಬಳಸಿದ್ದೇನೆ. ಮೊದಲ ಕಂತು ಕಳೆದ ವರ್ಷದ ಏಪ್ರಿಲ್‌ನಲ್ಲಿ ಬಂತು, ಎರಡನೆಯದು ಡಿಸೆಂಬರ್‌ನಲ್ಲಿ. ಎರಡು ಸಲವೂ 120 ತತ್ತಿಗಳನ್ನೇ ತರಿಸಿದೆ, ಎರಡು ಸಲವೂ ಅದೇ ಕಾವುಯಂತ್ರದಲ್ಲಿ ಅದೇ ಉಷ್ಣತೆಗೆ ಇಟ್ಟೆ. ಆದರೂ ಫಲಿತಾಂಶದಲ್ಲಿ ಸುಮಾರು ಎರಡು ಪಟ್ಟಿನ ಅಂತರ ಬಂದಿತು. ಆ ಅಂತರಕ್ಕೆ ಕಾರಣವನ್ನು ಹುಡುಕುತ್ತ ಹೋದಾಗ ತಿಳಿದದ್ದನ್ನು, ಇಂಥ ಸೇವೆಗೆ ಹಣ ಕಟ್ಟಲು ಯೋಚಿಸುತ್ತಿರುವ ನಮ್ಮ ಭಾಗದ ಸಾಕಣೆದಾರರಿಗಾಗಿ ಬರೆಯುತ್ತಿದ್ದೇನೆ. ಸೇವೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಬ್ಬರ ಹೆಸರಿಗಿಂತ ಅವರನ್ನು ಏನು ಕೇಳಬೇಕೆಂಬುದು ಇಲ್ಲಿ ಮುಖ್ಯ.

ಹತ್ತಿರದಲ್ಲೇ ಸಿಗುವ ಮರಿಗಳನ್ನು ಬಿಟ್ಟು ಅಷ್ಟು ದೂರದಿಂದ ತತ್ತಿಯನ್ನು ಏಕೆ ತರಿಸಬೇಕೆಂದು ನೆರೆಹೊರೆಯವರು ಕೇಳಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರಾ ಹಿತ್ತಲಲ್ಲಿ ಸಾಕಲು ನಿಜಕ್ಕೂ ಒಳ್ಳೆಯ ಕೋಳಿಗಳು. ಆದರೆ ಅವು ಬೇರೆ ಬೇರೆ ಸಾಲುಗಳನ್ನು ಕೂಡಿಸಿ ಪಡೆದ ಮಿಶ್ರತಳಿಗಳಾದ್ದರಿಂದ, ಅವುಗಳನ್ನೇ ಕೂಡಿಸಿ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ತಾಯಿತಂದೆಯ ಮೈತೂಕವೂ ತತ್ತಿಯ ಲೆಕ್ಕವೂ ಹಾಗೆಯೇ ಉಳಿಯುವುದಿಲ್ಲ. ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಂಡು ಹೋಗಬೇಕಾದರೆ ಶುದ್ಧ ತಳಿಯೇ ಬೇಕು. ಮಧ್ಯಪ್ರದೇಶದ ಝಾಬುವಾ ಜಿಲ್ಲೆಯ ಕಡಕ್‌ನಾಥ್‌ನ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಿಯ (ಜಿಐ) ಮನ್ನಣೆ ದೊರೆತಿದೆ. ಪುಕ್ಕದಿಂದ ಮಾಂಸದವರೆಗೆ ಕಪ್ಪಾಗಿರುವ ಆ ಹಕ್ಕಿಯನ್ನು ಅದರ ಮೂಲ ಸೀಮೆಯಿಂದಲೇ ತರಬೇಕೆಂಬುದು ನನ್ನ ಹಟವಾಗಿತ್ತು.

ಅದಕ್ಕೂ ಮೊದಲು ವಿದೇಶದಿಂದ ಬ್ರಹ್ಮ ಎಂಬ ದೊಡ್ಡ ಮೈಯ ಕೋಳಿ ತಳಿಯ ತತ್ತಿಗಳನ್ನು ತರಿಸುವ ಆಸೆಯೊಂದಿತ್ತು. ಈ ವಿಷಯದಲ್ಲಿ ಸೇವೆಯವರು ನಡೆದುಕೊಂಡ ರೀತಿಯನ್ನು ಮೆಚ್ಚಿ ಹೇಳಲೇಬೇಕು. ಮೊಬೈಲಿನಲ್ಲಿ ಸಿಕ್ಕಿದ ಕೆಲವು ಮಾರಾಟಗಾರರು ಯಾವ ಕಾಗದಪತ್ರವೂ ಬೇಡ, ಪಾರ್ಸೆಲ್‌ನಲ್ಲಿ ಕಳಿಸಿಬಿಡುತ್ತೇವೆ ಎಂದಿದ್ದರು. ಹುಬ್ಬಳ್ಳಿಯ ಇವರು ಮಾತ್ರ ಅದು ತಮ್ಮಿಂದಾಗದ ಕೆಲಸವೆಂದು ಮೊದಲ ದಿನವೇ ಹೇಳಿ, ಕಾರಣವನ್ನೂ ವಿವರಿಸಿದರು. ಹೊರದೇಶದ ಕಾವು ತತ್ತಿ ಭಾರತದೊಳಗೆ ಬರಬೇಕಾದರೆ 1898ರ ಜಾನುವಾರು ಆಮದು ಕಾಯ್ದೆಯಡಿ ಕೇಂದ್ರದ ಪಶುಸಂಗೋಪನಾ ಇಲಾಖೆಯಿಂದ ಮುಂಚಿತವಾಗಿ ನೈರ್ಮಲ್ಯ ಆಮದು ಪರವಾನಗಿ ಪಡೆದಿರಬೇಕು, ಕಳಿಸುವ ದೇಶದ ಸರ್ಕಾರಿ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು, ಮತ್ತು ಸರಕು ಬೆಂಗಳೂರು, ಮುಂಬೈ, ಚೆನ್ನೈಗಳಂಥ ಕ್ವಾರಂಟೈನ್ ಕೇಂದ್ರವಿರುವ ಊರಿನ ಮೂಲಕವೇ ಒಳಗೆ ಬರಬೇಕು. ಹಕ್ಕಿಜ್ವರ ಇರುವ ದೇಶದಿಂದಾದರೆ ಆ ಬಾಗಿಲೂ ಮುಚ್ಚುತ್ತದೆ. ಈ ಕಟ್ಟುನಿಟ್ಟು ಅನಗತ್ಯವೆಂದು ನನಗೆ ಅನಿಸುವುದಿಲ್ಲ. ಪುಲ್ಲೋರಂ ಎಂಬ ಬಿಳಿಭೇದಿ ರೋಗ ತಾಯಿಯಿಂದ ತತ್ತಿಯೊಳಗೇ ಇಳಿದು ಮರಿಗೆ ಬರುತ್ತದೆ. ಹೊರಗಿನಿಂದ ಎಷ್ಟೇ ಚೊಕ್ಕಟವಾಗಿ ಕಂಡರೂ ಆ ತತ್ತಿ ಒಂದು ಊರಿನ ಹಿಂಡುಗಳಿಗೆ ರೋಗ ಹಚ್ಚಬಲ್ಲದು. 2006ರಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡ ಮಹಾರಾಷ್ಟ್ರದ ನವಾಪುರದಲ್ಲಿ ಲಕ್ಷಾಂತರ ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಆದ್ದರಿಂದ ಕಾಗದಪತ್ರವಿಲ್ಲದ ವಿದೇಶಿ ತತ್ತಿಯನ್ನು ಯಾರೇ ಕೊಡಲು ಬಂದರೂ ದಯವಿಟ್ಟು ಕೊಳ್ಳಬೇಡಿ.

ಇನ್ನು ಮೊದಲ ಕಂತಿನ ವಿಷಯ. ತತ್ತಿಗೆ 40 ರೂಪಾಯಿಯಂತೆ 4,800, ಪ್ಯಾಕಿಂಗ್ ಮತ್ತು ಸಾಗಣೆಗೆ 1,400, ಒಟ್ಟು 6,200 ರೂಪಾಯಿ ಆಯಿತು. ಇಂದೂರಿನಿಂದ ಪುಣೆಯವರೆಗೆ ಒಂದು ವಾಹನ, ಅಲ್ಲಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನ ಡಿಕ್ಕಿ. ಬಸ್ಸು ಬಂದ ದಿನ ಭಾನುವಾರವಾದ್ದರಿಂದ ಪೆಟ್ಟಿಗೆಯನ್ನು ತಗಡಿನ ಛಾವಣಿಯ ಗೋದಾಮಿನಲ್ಲಿ ಇರಿಸಿದ್ದರು. ಸೋಮವಾರ ಬೆಳಿಗ್ಗೆ ನನ್ನ ಕೈಸೇರಿತು. ತೆರೆದು ನೋಡಿದರೆ ಬಿರುಕು ಬಿಟ್ಟಿದ್ದು ಎರಡೇ ತತ್ತಿ. ಅಷ್ಟು ದೂರದ ದಾರಿಯಲ್ಲಿ ಎರಡೇ ಒಡೆದಿವೆಯಲ್ಲ ಎಂದು ಆ ದಿನ ನಾನು ಅವರನ್ನು ಹೊಗಳಿದ್ದೆ.

ಉಳಿದ 118ನ್ನು ಒಂದು ದಿನ ತಂಪಾದ ಕೋಣೆಯಲ್ಲಿ ಸುಮ್ಮನೆ ಬಿಟ್ಟು, ಆಮೇಲೆ 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾವಿಗಿಟ್ಟೆ. ಏಳನೆಯ ದಿನ ಕತ್ತಲೆಯಲ್ಲಿ ದೀಪಕ್ಕೆ ಹಿಡಿದು ನೋಡಿದಾಗ 31 ತತ್ತಿಗಳು ಏನೂ ಇಲ್ಲದೆ ತಿಳಿಯಾಗಿದ್ದವು, 19ರಲ್ಲಿ ಭ್ರೂಣ ಸತ್ತು ರಕ್ತದ ಉಂಗುರ ಮೂಡಿತ್ತು. ಇನ್ನು ಕೆಲವು ತತ್ತಿಗಳನ್ನು ಓರೆ ಮಾಡಿದರೆ, ಮೊಂಡು ತುದಿಯಲ್ಲಿ ಅಲುಗದೆ ಇರಬೇಕಾದ ಗಾಳಿಯ ಚೀಲ ಗೌಂಡಿಗಳ ಮಟ್ಟದ ಕೊಳವೆಯೊಳಗಿನ ಗುಳ್ಳೆಯಂತೆ ಅತ್ತಿತ್ತ ಸರಿಯುತ್ತಿತ್ತು. ದಾರಿಯ ಕುಲುಕಾಟಕ್ಕೆ ಒಳಪೊರೆ ಕಿತ್ತುಕೊಂಡಿರುವುದರ ಗುರುತು ಅದು. ಇಪ್ಪತ್ತೊಂದನೆಯ ದಿನ ಕಳೆದಾಗ ಹೊರಬಂದ ಮರಿಗಳು 41. ಚಿಪ್ಪಿನೊಳಗೇ ಸತ್ತವು 27.

ತಿಳಿಯಾಗಿ ಕಂಡ 31 ತತ್ತಿಗಳನ್ನು ಬಿಸಾಡದೆ ಒಂದೊಂದಾಗಿ ಬಟ್ಟಲಿಗೆ ಒಡೆದು ನೋಡಿದೆ. ಈ ಕೆಲಸವನ್ನು ಎಲ್ಲರೂ ಮಾಡಬೇಕೆಂದು ನನ್ನ ಒತ್ತಾಯ. ಹುಂಜ ಕೂಡದ ಬರಡು ತತ್ತಿಯಾದರೆ ಹಳದಿಯ ಮೇಲೆ ಬಿಳಿಯ ಸಣ್ಣ ಚುಕ್ಕೆಯಷ್ಟೇ ಇರುತ್ತದೆ. ಆದರೆ 12 ತತ್ತಿಗಳಲ್ಲಿ ಆ ಚುಕ್ಕೆ ಹಿಗ್ಗಿ, ಪೊರೆ ಹರಡಲು ತೊಡಗಿ, ಅಲ್ಲಿಗೇ ನಿಂತುಹೋಗಿತ್ತು. ಅಂದರೆ ಅವು ಬರಡು ತತ್ತಿಗಳಲ್ಲ, ತೀರ ಎಳೆಯ ಹಂತದಲ್ಲಿ ಜೀವ ಕಳೆದುಕೊಂಡ ತತ್ತಿಗಳು. ಕೋಳಿಯ ಹೊಟ್ಟೆಯಲ್ಲಿ ತತ್ತಿ ರೂಪುಗೊಳ್ಳುವ ಒಂದು ದಿನದಲ್ಲೇ ಭ್ರೂಣ ಬೆಳೆಯಲು ತೊಡಗಿ, ತತ್ತಿ ಹೊರಬರುವ ಹೊತ್ತಿಗೆ ಸಾವಿರಾರು ಜೀವಕೋಶಗಳಾಗಿರುತ್ತವೆ. ಹೊರಗಿನ ತಂಪಿಗೆ ಅದು ನಿದ್ದೆಹೋದಂತೆ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಸುಮಾರು 20 ಡಿಗ್ರಿಯ ಒಳಗಿದ್ದರೆ ಆ ನಿದ್ದೆ ಕೆಡುವುದಿಲ್ಲ. 15ರಿಂದ 18 ಡಿಗ್ರಿ ಇದ್ದರೆ ಉತ್ತಮ. ಏಪ್ರಿಲ್‌ನ ಡಿಕ್ಕಿಯಲ್ಲಿ, ತಗಡಿನ ಗೋದಾಮಿನಲ್ಲಿ ಅದು ಅರೆಬರೆ ಎಚ್ಚೆತ್ತು, ಬೆಳೆಯಲು ಬೇಕಾದ ಸರಿಯಾದ ಕಾವೂ ಸಿಗದೆ, ಮತ್ತೆ ಮಲಗಲು ಬೇಕಾದ ತಂಪೂ ಸಿಗದೆ ಸಾಯುತ್ತದೆ. ಚಿಪ್ಪು ಮಾತ್ರ ಹಾಗೆಯೇ ಇರುತ್ತದೆ.

ಇದನ್ನು ಸೇವೆಯವರ ಮುಂದಿಟ್ಟಾಗ ಬಂದ ಉತ್ತರ ನನಗೆ ನೋವುಂಟುಮಾಡಿತು. "ಎರಡಽ ಒಡದಾವ್ರೀ ಸರ, ಅದರ ರೊಕ್ಕಾ ವಾಪಸ್ ಕೊಟ್ಟೇವಿ. ಮರಿ ಆಗೂದು ಬಿಡೂದು ನಿಮ್ಮ ಮಷೀನಿಗೆ ಬಿಟ್ಟದ್ರೀ" ಎಂದರು. ಅವರ ರಸೀದಿಯಲ್ಲೂ ಒಡೆದ ತತ್ತಿಗೆ ಮಾತ್ರ ಹೊಣೆ ಎಂದೇ ಅಚ್ಚಾಗಿದೆ. ತಿನ್ನುವ ತತ್ತಿಗೆ ಈ ಮಾತು ಒಪ್ಪುತ್ತದೆ, ಕಾವಿಗಿಡುವ ತತ್ತಿಗೆ ಒಪ್ಪುವುದಿಲ್ಲ. ನಾನು ಹಣ ಕೊಟ್ಟದ್ದು ಚಿಪ್ಪಿಗಲ್ಲ, ಒಳಗಿನ ಜೀವಕ್ಕೆ. ಎಲ್ಲ ಹೊಣೆಯನ್ನೂ ಅವರೇ ಹೊರಲಿ ಎಂದು ನಾನು ಹೇಳುತ್ತಿಲ್ಲ. ಯಂತ್ರದ ತಪ್ಪು, ಹುಂಜದ ತಪ್ಪು, ಸಾಕುವವನ ತಪ್ಪು ಎಲ್ಲವೂ ಇರಬಹುದು. ಆದರೆ ತತ್ತಿ ಇಟ್ಟ ದಿನಾಂಕ ಮತ್ತು ದಾರಿಯಲ್ಲಿ ಅದು ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತ್ತೆಂಬ ವಿವರ, ಈ ಎರಡನ್ನು ಕೊಡಬೇಕಾದವರು ಅವರೇ.

ನಮ್ಮ ಅವ್ವ ಕಾವಿಗೆ ಕೂರಿಸಬೇಕೆಂದ ತತ್ತಿಗಳನ್ನು ನೀರಿನ ಹರವಿಯ ಪಕ್ಕದ ಮೂಲೆಯಲ್ಲಿ, ಬೂದಿ ಹಾಸಿದ ಬುಟ್ಟಿಯಲ್ಲಿ ಇಡುತ್ತಿದ್ದಳು. ಒಂದು ಸಂತೆಯಿಂದ ಇನ್ನೊಂದು ಸಂತೆಯೊಳಗಿನ ತತ್ತಿಗಳನ್ನಷ್ಟೇ ಕೋಳಿಯ ಕೆಳಗೆ ಇಡುತ್ತಿದ್ದಳು. ಹರವಿಯ ಪಕ್ಕದ ತಂಪು, ತೇವ, ಏಳು ದಿನದ ಗಡುವು: ಹ್ಯಾಚರಿಗಳು ಇಂದು ಪಾಲಿಸುವುದೂ ಇವನ್ನೇ. ಏಳು ದಿನ ದಾಟಿದ ಮೇಲೆ ಒಂದೊಂದು ದಿನಕ್ಕೂ ಮರಿಯಾಗುವ ಶಕ್ತಿ ಕುಗ್ಗುತ್ತ ಹೋಗುತ್ತದೆ. ನನಗೆ ಬಂದ ಮೊದಲ ಕಂತಿನಲ್ಲಿ ದಿನಾಂಕವೇ ಇರಲಿಲ್ಲವಾದ್ದರಿಂದ ಯಾವ ತತ್ತಿ ಎಷ್ಟು ದಿನದ್ದೆಂದು ತಿಳಿಯುವ ದಾರಿಯೇ ಇರಲಿಲ್ಲ.

ಎರಡನೆಯ ಸಲ ನಾನು ಷರತ್ತುಗಳನ್ನು ಬರೆದು ಕೊಟ್ಟೆ. ಪ್ರತಿಯೊಂದು ತತ್ತಿಯ ಮೇಲೂ ಇಟ್ಟ ದಿನಾಂಕವನ್ನು ಪೆನ್ಸಿಲ್‌ನಿಂದ ಬರೆದಿರಬೇಕು. ಪ್ಯಾಕ್ ಮಾಡುವ ದಿನಕ್ಕೆ ನಾಲ್ಕು ದಿನಕ್ಕಿಂತ ಹಳೆಯ ತತ್ತಿ ಇರಕೂಡದು. ತೊಳೆದ ತತ್ತಿ ಬೇಡ, ಏಕೆಂದರೆ ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಪೊರೆ ಹೋಗಿ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ರೋಗಾಣುಗಳು ಒಳಸೇರುತ್ತವೆ. ಪೆಟ್ಟಿಗೆ ಭಾನುವಾರ ಹುಬ್ಬಳ್ಳಿಗೆ ಬರಕೂಡದು. ತಾಯಿ ಹಿಂಡಿನ ಪುಲ್ಲೋರಂ ಪರೀಕ್ಷೆಯ ವರದಿ ಜೊತೆಗಿರಬೇಕು. ಅವರು ತಕರಾರು ಮಾಡಲಿಲ್ಲ, ಸಾಗಣೆಯ ದರವನ್ನು ಮಾತ್ರ 1,900ಕ್ಕೆ ಏರಿಸಿದರು. ಈ ಸಲ ಪೆಟ್ಟಿಗೆ ನಿಜಕ್ಕೂ ಚೆನ್ನಾಗಿತ್ತು. ದಪ್ಪ ಫೋಮಿನಲ್ಲಿ ಒಂದೊಂದು ತತ್ತಿಗೂ ಬೇರೆ ಗುಳಿ ಕೊರೆದು, ಚೂಪು ತುದಿ ಕೆಳಗೆ ಮೊಂಡು ತುದಿ ಮೇಲೆ ಬರುವಂತೆ ಕೂರಿಸಿ, ಹೊರಗಿನ ರಟ್ಟಿನ ಪೆಟ್ಟಿಗೆಯ ನಾಲ್ಕೂ ಬದಿಗೆ ಮೇಲ್ಭಾಗ ಯಾವುದೆಂದು ಗುರುತು ಹಾಕಿದ್ದರು. ಧಾರವಾಡದ ಬೈಪಾಸಿನಲ್ಲಿ ನಸುಕಿನ ಐದು ಗಂಟೆಗೆ ಬಸ್ಸಿನಿಂದ ನೇರವಾಗಿ ಇಳಿಸಿಕೊಂಡೆ. ತಂಪಾದ ತತ್ತಿಯನ್ನು ಒಮ್ಮೆಲೇ ಬೆಚ್ಚನೆಯ ಕೋಣೆಯಲ್ಲಿ ತೆರೆದರೆ ಬೆವರುತ್ತದೆಂದೂ, ಮುಚ್ಚಿದ ಪೆಟ್ಟಿಗೆಯಲ್ಲೇ ಕೆಲವು ಗಂಟೆ ಬಿಡಬೇಕೆಂದೂ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರು. ಆ ಚೀಟಿಯನ್ನು ಕಂಡು ಮನಸ್ಸಿಗೆ ಸಮಾಧಾನವಾಯಿತು.

ಒಡೆದದ್ದು ಒಂದು. ಕಾವಿಗಿಟ್ಟ 119ರಲ್ಲಿ ತಿಳಿಯಾಗಿದ್ದವು 18, ಎಳೆಯದರಲ್ಲೇ ಸತ್ತವು 8; ಕೊನೆಗೆ ಮರಿಗಳಾದವು 79. ಖರ್ಚಿನ ಲೆಕ್ಕ ಹಾಕಿದರೆ ಮೊದಲ ಕಂತಿನಲ್ಲಿ ಒಂದು ಮರಿಗೆ ಸುಮಾರು 151 ರೂಪಾಯಿ ಬಿದ್ದಿತ್ತು. ಐನೂರು ರೂಪಾಯಿ ಹೆಚ್ಚು ಕೊಟ್ಟ ಎರಡನೆಯ ಕಂತಿನಲ್ಲಿ ಅದು 85ಕ್ಕೆ ಇಳಿಯಿತು. ಹಾಗೆಂದು ಎಲ್ಲ ಶ್ರೇಯಸ್ಸನ್ನೂ ಪ್ಯಾಕಿಂಗ್‌ಗೆ ಕೊಡುವುದು ನ್ಯಾಯವಲ್ಲ. ಡಿಸೆಂಬರ್‌ನ ಚಳಿಯೇ ಅರ್ಧ ಕೆಲಸ ಮಾಡಿರಬೇಕು. ಇದೇ ಪೆಟ್ಟಿಗೆ ಏಪ್ರಿಲ್‌ನಲ್ಲಿ ಬಂದಿದ್ದರೆ ಇಷ್ಟು ಮರಿಗಳಾಗುತ್ತಿದ್ದವೆಂದು ನಾನು ಭರವಸೆ ಕೊಡಲಾರೆ. ನಮ್ಮ ಭಾಗದವರು ದೂರದ ತತ್ತಿಯನ್ನು ದೀಪಾವಳಿಯ ನಂತರ, ಶಿವರಾತ್ರಿಯ ಮೊದಲು ತರಿಸುವುದೇ ಲೇಸು.

ಆದರೆ ತಳಿ ಹಿಂಡು ಕಟ್ಟುವವನ ದೃಷ್ಟಿಯಿಂದ ಎರಡನೆಯ ಕಂತಿನಲ್ಲೂ ಒಂದು ದೊಡ್ಡ ಕೊರತೆ ಉಳಿಯಿತು. ಒಂದೇ ಹಿಂಡಿನ ತತ್ತಿಗಳಿಂದ ಬಂದ ಮರಿಗಳು ಒಡಹುಟ್ಟಿದವುಗಳಾಗಿರುವ ಸಂಭವ ಹೆಚ್ಚು. ಅವುಗಳನ್ನೇ ಪೀಳಿಗೆಗಟ್ಟಲೆ ಕೂಡಿಸುತ್ತ ಹೋದರೆ ತತ್ತಿಯ ಲೆಕ್ಕ ಇಳಿಯುತ್ತದೆ, ಮರಿಯಾಗುವ ಪ್ರಮಾಣ ಕುಸಿಯುತ್ತದೆ, ಮರಿಗಳು ಬಡವಾಗುತ್ತವೆ. ಆದ್ದರಿಂದಲೇ ಸಂಬಂಧವಿಲ್ಲದ ಎರಡು ಫಾರಂಗಳಿಂದ ಅರವತ್ತರವತ್ತು ತತ್ತಿ ತರಿಸಿ, ಗುರುತು ಹಾಕಿ ಕೊಡಬೇಕೆಂದು ಕೇಳಿದ್ದೆ. ಎರಡು ಫಾರಂಗಳಿಂದ ತರಿಸಿದ್ದೇನೋ ನಿಜ, ಆದರೆ ಗುರುತು ಹಾಕದೆ ಒಂದೇ ಪೆಟ್ಟಿಗೆಯಲ್ಲಿ ಬೆರೆಸಿ ಕಳಿಸಿಬಿಟ್ಟರು. ತತ್ತಿಯ ಮೇಲೆ ದಿನಾಂಕ ಬರೆದ ಕೈಗೆ ಇನ್ನೊಂದು ಅಕ್ಷರ ಬರೆಯುವುದು ಕಷ್ಟವಾಗಿರಲಿಲ್ಲ. ಪುಲ್ಲೋರಂ ವರದಿಯೂ ಒಂದು ಫಾರಂನದು ಮಾತ್ರ ಪೆಟ್ಟಿಗೆಯೊಂದಿಗೆ ಬಂತು; ಇನ್ನೊಂದಕ್ಕಾಗಿ ಎರಡು ಸಲ ಫೋನ್ ಮಾಡಬೇಕಾಯಿತು.

ಈಗ ಆ ಮರಿಗಳಿಗೆ ಐದು ತಿಂಗಳು ತುಂಬಿದೆ. 71 ಉಳಿದಿವೆ, ಅವುಗಳಲ್ಲಿ 36 ಹೇಟೆಗಳು. ಎಂಟು ಹತ್ತು ಹೇಟೆಗೆ ಒಂದು ಹುಂಜದ ಲೆಕ್ಕದಲ್ಲಿ ಐದು ಹುಂಜಗಳನ್ನು ಇರಿಸಿಕೊಂಡಿದ್ದೇನೆ. ಆದರೆ ಯಾವ ಹುಂಜ ಯಾವ ಫಾರಂನದೆಂದು ಗೊತ್ತಿಲ್ಲದ್ದರಿಂದ, ಇವುಗಳ ತತ್ತಿಯಿಂದ ಮುಂದಿನ ಪೀಳಿಗೆಯನ್ನು ಮಾಡಿಸುವ ಮೊದಲು ಹೊಸ ಹುಂಜಗಳನ್ನು ಹೊರಗಿನಿಂದ ತರಲೇಬೇಕು.

ಐದು ಅಂಕಗಳಲ್ಲಿ ಮೊದಲ ಕಂತಿಗೆ ಎರಡು, ಎರಡನೆಯದಕ್ಕೆ ಮೂರೂವರೆ ಕೊಡುತ್ತೇನೆ. ಬರುವ ಡಿಸೆಂಬರ್‌ಗೆ ಮೂರನೆಯ ಕಂತನ್ನು ಇವರಿಗೇ ಹೇಳಿದ್ದೇನೆ. ಈ ಸಲ ಮೂರನೆಯ ಫಾರಂ ಒಂದರಿಂದ ಅರವತ್ತು ತತ್ತಿಗಳು ಬರಬೇಕು, ಪರೀಕ್ಷಾ ವರದಿ ನನ್ನ ಕೈಸೇರಿದ ಮೇಲಷ್ಟೇ ಮುಂಗಡ ಸಂದಾಯವಾಗುತ್ತದೆ, ಮತ್ತು ಪ್ರತಿ ತತ್ತಿಯ ಮೇಲೂ ದಿನಾಂಕದ ಪಕ್ಕದಲ್ಲಿ ಫಾರಂನ ಗುರುತು ಇರಬೇಕು ಎಂಬುದನ್ನು ಅವರ ರಸೀದಿಯ ಹಿಂಬದಿಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡಿದ್ದೇನೆ.